ಕನಕಾಂಬರದ ಪರಿಮಳ, ಬಾವಿಯ ಶಾರ್ಕು

ಕನಕಾಂಬರಕ್ಕೆ ಪರಿಮಳವಿಲ್ಲ ಎನ್ನುವವರ ಮೂಗಿನಲ್ಲೇ ಏನೋ ದೋಷವಿದೆ. ನಾನು ಆ ಹೂವಿನ ವಾಸನೆಯನ್ನು ಮೂರು ಗುಡ್ಡದಾಚೆಯಿಂದ ಹಿಡಿದವನು. ಅದೂ ನೆಗಡಿಯಾಗಿದ್ದಾಗ. ಗಾಳಿ ಬೇರೆ ಅತ್ತ ಕಡೆಗೆ ಬೀಸುತ್ತಿತ್ತು. ಹೂ ಇನ್ನೂ ಮೊಗ್ಗಾಗಿರಲಿಲ್ಲ, ಗಿಡ ಇನ್ನೂ ಬೀಜವಾಗಿತ್ತು, ಬೀಜ ಇನ್ನೂ ಕಾಗದದ ಪೊಟ್ಟಣದಲ್ಲಿತ್ತು. ಆ ಪೊಟ್ಟಣ ಯಾರ ಜೇಬಿನಲ್ಲಿದೆ, ಆ ಜೇಬಿನವನು ಬೆಳಿಗ್ಗೆ ಏನು ತಿಂದು ಮನೆ ಬಿಟ್ಟಿದ್ದಾನೆ ಎಂಬುದನ್ನೂ ಕೂತಲ್ಲಿಂದಲೇ ಹೇಳಿದ್ದೆ. ಉಪ್ಪಿಟ್ಟು.

ನನ್ನ ಹೆಸರು ಸಂಪಂಗಪ್ಪ. ಪೇಟೆಯ ಮೂಲೆಯಲ್ಲಿ ನನ್ನದೊಂದು ಊದುಬತ್ತಿ ಅಂಗಡಿ. ಸಾಧಾರಣ ಅಂಗಡಿಯಲ್ಲ. ಅದರ ಮುಂದೆ ಹೊತ್ತುಕೊಂಡು ಹೋಗುತ್ತಿದ್ದ ಹೆಣವೊಂದು ಚಟ್ಟದ ಮೇಲೆ ಎದ್ದು ಕೂತು, ಇದು ಯಾವ ಬತ್ತಿ ಎಂದು ಕೇಳಿ ತಿಳಿದುಕೊಂಡು ಮತ್ತೆ ಮಲಗಿದ್ದನ್ನು ಕಣ್ಣಾರೆ ಕಂಡವರಿದ್ದರು. ಅವರು ಈಗ ಬದುಕಿಲ್ಲ, ಅದು ಬೇರೆ ಮಾತು. ಊರಿನಲ್ಲಿ ತುಪ್ಪ ಕೊಂಡರೆ, ಅಕ್ಕಿ ಮುಗ್ಗಿದರೆ, ಸೊಸೆ ಮಾಡಿದ ಸಾರು ಹಳಸಿದೆಯೋ ಇಲ್ಲವೋ ಎಂದು ಅತ್ತೆಗೂ ಸೊಸೆಗೂ ವಾದ ಬಿದ್ದರೆ, ಪಾತ್ರೆ ನನ್ನ ಮೂಗಿನ ಮುಂದೆ ಬರಬೇಕು. ನಾನು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು ಹೇಳಿದ್ದೇ ತೀರ್ಪು. ಊರ ಯಜಮಾನ ದೊಡ್ಡಸ್ವಾಮಪ್ಪನ ಮಗಳ ಮದುವೆಗೆ ಬಂದ ತುಪ್ಪವನ್ನು ಮೂಸಿ, "ಹಸುವಿನ ಹೆಸರು ಗೌರಿ, ಎಡಗೊಂಬು ಸ್ವಲ್ಪ ಮುರಿದಿದೆ" ಎಂದು ಹೇಳಿದವನು ನಾನು. ಆ ಮದುವೆಯಲ್ಲಿ ಊಟಕ್ಕೆ ಕೂತವರೆಲ್ಲ ಯಾಕೋ ಉಸಿರು ಬಿಗಿಹಿಡಿದು ಹೋಳಿಗೆ ನುಂಗಿದರು, ಕೈತೊಳೆಯುವಾಗ ತುಪ್ಪವನ್ನು ಹೊಗಳಿ ಹೊಗಳಿ ಸುಸ್ತಾದರು.

ಇನ್ನು ನಮ್ಮೂರಿನ ಬಾವಿಯ ವಿಷಯ. ಊರಿನ ಹೆಸರು ಹೇಳಿ ಪ್ರಯೋಜನವಿಲ್ಲ, ಯಾವ ಬಸ್ಸಿನ ಬೋರ್ಡಿನಲ್ಲೂ ಅದು ಬರುವುದಿಲ್ಲ. ಸಮುದ್ರ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದರೆ ಊರ ನಡುವಿನ ಬಾವಿಗೆ ಕೊಡ ಇಳಿಸಿದರೆ ಕೆಲವು ಸಲ ನೀರಿನ ಜೊತೆ ಸಮುದ್ರದ ತಳದ ಜೀವವೊಂದು ಬಂದುಬಿಡುತ್ತದೆ. ಕೊಡದಿಂದ ಹೊರಗೆ ಸುರಿದರೆ ಅದು ನೆಲಕ್ಕೆ ಬೀಳುವುದಿಲ್ಲ, ನೀರಿಗೂ ಬೀಳುವುದಿಲ್ಲ. ಬಾವಿಯ ಗಂಟಲಿನಲ್ಲಿ, ಕಟ್ಟೆಗೂ ನೀರಿಗೂ ಮಧ್ಯೆ, ಗಾಳಿಯಲ್ಲೇ ತೇಲುತ್ತಾ ನಿಂತುಬಿಡುತ್ತದೆ. ಅದು ಅಲ್ಲಿರುವವರೆಗೆ ಬಾವಿಯ ನೀರೆಲ್ಲ ಉಪ್ಪು. ಅದನ್ನು ಕಳಿಸುವ ದಾರಿ ಒಂದೇ. ಯಾರ ಕೊಡದಲ್ಲಿ ಬಂತೋ ಅವರ ಹಿತ್ತಿಲಲ್ಲಿ ಬೆಳೆಯುವ ಒಂದು ಗಿಡಕ್ಕೂ ಅದಕ್ಕೂ ಇರುವ ಹೋಲಿಕೆಯನ್ನು ಬಾವಿಯ ಬಳಿ ನಿಂತು ಬಾಯಿಬಿಟ್ಟು ಹೇಳಬೇಕು. ನಿಜವಾದ ಹೋಲಿಕೆಯಾದರೆ ಅದು ಮರ್ಯಾದೆಯಿಂದ ಕೆಳಗೆ ಇಳಿದು ಹೋಗುತ್ತದೆ, ನೀರು ಸಿಹಿಯಾಗುತ್ತದೆ. ಸುಳ್ಳಾದರೆ ಅದು ಅಲ್ಲೇ ಇರುತ್ತದೆ, ನೀರು ಇನ್ನಷ್ಟು ಉಪ್ಪಾಗುತ್ತದೆ.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಉಪ್ಪಿನ ದಿನಗಳಲ್ಲಿ ಹೋಟೆಲಿನ ವೆಂಕಪ್ಪಯ್ಯ ಉಪ್ಪಿನ ಡಬ್ಬಿಗೆ ಬೀಗ ಹಾಕಿ, ಸಾಂಬಾರಿನಲ್ಲಿ ಆದ ಉಳಿತಾಯವನ್ನು ಕಾಫಿಯಲ್ಲಿ ಕಳೆದುಕೊಳ್ಳುತ್ತಾನೆ. ಹೆಂಗಸರು ಮಾವಿನಕಾಯಿ ಹೆಚ್ಚಿಟ್ಟುಕೊಂಡು ಕಾಯುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಯ ಹಿತ್ತಿಲಿಗೆ ಹೋಗಿ ಗಿಡಗಳನ್ನು ಎಣಿಸುತ್ತಾರೆ. ನಾಕು ಥರದ ಗಿಡವಿಲ್ಲದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ನಾಳೆ ಅವಳ ಕೊಡದಲ್ಲಿ ಏನು ಬರುತ್ತದೋ ಯಾರಿಗೆ ಗೊತ್ತು.

ಹೋಲಿಕೆ ಹೇಳಲು ಬಾರದವರು ಬೇರೆಯವರಿಗೆ ಬಾಯಿ ಕೊಡಬಹುದು. ಬಾಯಿ ಕೊಡುವುದೆಂದರೆ, ಆ ಉಪ್ಪು ನೀರನ್ನು ಒಂದು ಲೋಟದಲ್ಲಿ ತುಂಬಿ ಕೊಡುವುದು. ತೆಗೆದುಕೊಂಡವನು ಅದನ್ನು ಕುಡಿದುಬಿಟ್ಟರೆ ಮುಗಿಯಿತು. ಆಮೇಲೆ ತೇಲುತ್ತಿರುವುದು ಇಳಿಯುವವರೆಗೆ ಬಾವಿ ಅವನ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಕೊಟ್ಟ ಬಾಯಿಯನ್ನು ವಾಪಸು ಪಡೆಯುವಂತಿಲ್ಲ.

ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವವರೂ ಯೋಚನೆ ಮಾಡಿ ಹುಟ್ಟಬೇಕು. ವೆಂಕಪ್ಪಯ್ಯನ ಕೊಡದಲ್ಲಿ ಬಂದ ಏಡಿಯನ್ನು ಮುಟ್ಟಿದರೆ ಮುನಿ ಗಿಡಕ್ಕೆ ಹೋಲಿಸಿ ಕಣ್ಣು ಮಿಟುಕಿಸುವುದರೊಳಗೆ ಕಳಿಸಿದವನು ನಾನು. ಎರಡೂ ಮುಟ್ಟಿದರೆ ಮುದುಡಿಕೊಳ್ಳುತ್ತವೆ ಎಂದೆ. ಅದನ್ನು ತೊಟ್ಟಿಲ ಮಗುವೂ ಹೇಳುತ್ತಿತ್ತು ಎಂದು ಅಶ್ವತ್ಥ ಮೇಷ್ಟ್ರು ಆಡಿಕೊಂಡರು. ಹೇಳುತ್ತಿತ್ತೇನೋ. ಹೇಳಲಿಲ್ಲವಲ್ಲ.

ಈಗ ಅಕ್ಕಯಮ್ಮನ ವಿಷಯಕ್ಕೆ ಬರುತ್ತೇನೆ. ಬರದೆ ಇಷ್ಟು ಹೊತ್ತು ಸುತ್ತು ಹಾಕಿದ್ದಕ್ಕೆ ಕಾರಣವಿದೆ.

ಅಕ್ಕಯಮ್ಮ ಗಂಡ ತೀರಿಕೊಂಡ ಮೇಲೆ ಹಿತ್ತಿಲ ತುಂಬ ಕನಕಾಂಬರ ಹಾಕಿಕೊಂಡು, ಅದನ್ನು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ನನ್ನ ಅಂಗಡಿಯ ಎದುರಿಗೆ ಬುಟ್ಟಿಯಿಟ್ಟು ಮಾರಿ ಬದುಕುವವಳು. ಬೇರೆ ಗಿಡ ಅವಳ ಹಿತ್ತಿಲಲ್ಲಿ ಒಂದೂ ಇಲ್ಲ, ತುಳಸಿಯೊಂದನ್ನು ಬಿಟ್ಟು. ತುಳಸಿಯನ್ನು ಮೀನಿಗೆ ಹೋಲಿಸುವ ಧೈರ್ಯ ಯಾರಿಗೂ ಇಲ್ಲ. ಅವಳ ಬೆರಳುಗಳು ಹೂ ಕಟ್ಟುವ ವೇಗಕ್ಕೆ ನಾರೇ ಬಿಸಿಯಾಗಿ ಹೊಗೆ ಬರುತ್ತಿತ್ತು. ನಾನು ಒಂಟಿ. ನನ್ನ ಅಂಗಡಿಯ ಗಲ್ಲಾದ ಮೇಲೆ ಕೂತರೆ ಅವಳ ಕೈ ಮಾತ್ರ ಕಾಣುತ್ತಿತ್ತು. ಬೇರೇನೂ ಹೇಳುವುದಿಲ್ಲ, ಇಷ್ಟು ಸಾಕು. ಅವಳು ನನ್ನನ್ನು ಕರೆಯುತ್ತಿದ್ದುದು "ಅಣ್ಣ" ಎಂದು. ದಿನಕ್ಕೆ ಎಷ್ಟು ಸಲ ಆ ಮಾತು ಬಂದು ಎದೆಗೆ ಬಡಿಯುತ್ತಿತ್ತೋ ಲೆಕ್ಕ ಇಟ್ಟಿಲ್ಲ.

ಒಂದು ದಿನ ಅವಳ ಬುಟ್ಟಿಯ ಮುಂದೆ ನಿಂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, "ಆಹಾ, ಏನು ಪರಿಮಳ ಅಕ್ಕಯಮ್ಮ, ಎದೆಗೇ ಇಳೀತದೆ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಹೂ ಕೊಳ್ಳಲು ನಿಂತಿದ್ದ ಹೆಂಗಸರೂ ನೋಡಿದರು. ಆಮೇಲೆ ಒಬ್ಬೊಬ್ಬರೇ ದಂಡೆ ಎತ್ತಿ ಮೂಸತೊಡಗಿದರು. ಯಾರಿಗೂ ಏನೂ ಬರಲಿಲ್ಲ. ಬರಲಿಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಸಂಪಂಗಪ್ಪನ ಮೂಗಿಗೆ ಸಿಕ್ಕಿದ್ದು ತಮ್ಮ ಮೂಗಿಗೆ ಸಿಗಲಿಲ್ಲವೆಂದರೆ ಮೂಗಿನ ಮರ್ಯಾದೆ ಹೋದಂತೆ. ಮೊದಲು ಯಜಮಾನನ ಹೆಂಡತಿ, "ಒಂಥರಾ ತಣ್ಣಗಿರೋ ವಾಸನೆ ಅಲ್ವಾ" ಎಂದಳು. "ದೂರದಿಂದ ಬರೋ ಥರ" ಎಂದಳು ಇನ್ನೊಬ್ಬಳು. ಆ ವಾರದಿಂದ ನಮ್ಮೂರಲ್ಲಿ ಕನಕಾಂಬರವನ್ನು ಮಲ್ಲಿಗೆ ಜೊತೆ ಸೇರಿಸಿ ಕಟ್ಟಿಸುವುದೇ ನಿಂತುಹೋಯಿತು. ಮಲ್ಲಿಗೆಯ ವಾಸನೆ ಕನಕಾಂಬರದ ಪರಿಮಳವನ್ನು ಕೆಡಿಸುತ್ತದೆ ಎಂದು ಎಲ್ಲರೂ ಹೇಳತೊಡಗಿದರು. ಅಕ್ಕಯಮ್ಮನ ಬುಟ್ಟಿ ಬೆಳಗಿನ ಬಿಸಿಲೇರುವುದರೊಳಗೆ ಖಾಲಿಯಾಗುತ್ತಿತ್ತು. ಅವಳು ಏನೂ ಹೇಳಲಿಲ್ಲ.

ಅಂಥ ಅಕ್ಕಯಮ್ಮನ ಕೊಡದಲ್ಲಿ ಒಂದು ಬೆಳಿಗ್ಗೆ ಶಾರ್ಕು ಬಂತು.

ಎತ್ತಿನ ಗಾಡಿಯಷ್ಟು ದೊಡ್ಡದು. ಬಾಯಿ ತೆರೆದರೆ ಒಳಗೆ ಒಂದು ಮದುವೆ ಚಪ್ಪರ ಹಾಕಬಹುದು. ಕೊಡದಲ್ಲಿ ಹೇಗೆ ಹಿಡಿಯಿತು ಎಂದು ಕೇಳಬೇಡಿ. ಸರಿ, ಗಾಡಿಯಷ್ಟಲ್ಲ, ಕರುವಿನಷ್ಟು. ಆಯಿತು, ಮೊಳದುದ್ದ. ಸುಟ್ಟ ಬದನೆಕಾಯಿಯ ಬಣ್ಣ, ಬೆನ್ನಿನ ಮೇಲೆ ಎರಡು ಮುಳ್ಳು, ಮುಖದ ಅರ್ಧದಷ್ಟು ಹಸಿರು ಕಣ್ಣು. ಅಶ್ವತ್ಥ ಮೇಷ್ಟ್ರು ಶಾಲೆಯ ದಪ್ಪ ಪುಸ್ತಕ ತಂದು, ಕಟ್ಟೆಗೆ ಒರಗಿ ಹಾಳೆ ತಿರುವಿ, "ಇದು ಆಳ ಸಮುದ್ರದ ಶಾರ್ಕು. ಇಂಗ್ಲಿಷಿನಲ್ಲಿ ಲ್ಯಾಂಟರ್ನ್ ಶಾರ್ಕು ಅಂತಾರೆ. ಲಾಂದ್ರದ ಶಾರ್ಕು" ಎಂದರು.

"ಲಾಂದ್ರ ಎಲ್ಲಿದೆ ಮೇಷ್ಟ್ರೇ?" ಎಂದು ದೊಡ್ಡಸ್ವಾಮಪ್ಪ ಬಗ್ಗಿ ನೋಡಿ ಕೇಳಿದರು.

"ಈ ಹಾಳೆ ಹರಿದಿದೆ" ಎಂದರು ಮೇಷ್ಟ್ರು.

ಅಕ್ಕಯಮ್ಮ ಖಾಲಿ ಕೊಡ ಹಿಡಿದುಕೊಂಡು ನಿಂತಿದ್ದಳು. ಅವಳ ಚಿಂತೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಉಪ್ಪು ನೀರನ್ನು ಮನುಷ್ಯರು ಹೇಗೋ ನುಂಗುತ್ತಾರೆ. ಕನಕಾಂಬರ ನುಂಗುವುದಿಲ್ಲ. ಬೇಸಿಗೆ ಬೇರೆ. ದಿನ ಬಿಟ್ಟು ದಿನ ನೀರು ಬೀಳದಿದ್ದರೆ ಗಿಡ ಒಣಗುತ್ತದೆ, ಉಪ್ಪು ನೀರು ಬಿದ್ದರೆ ಬೇರು ಸುಡುತ್ತದೆ. ಆ ಗಿಡ ಹೋದರೆ ಅವಳಿಗೆ ಬುಟ್ಟಿಯೂ ಇಲ್ಲ, ಅನ್ನವೂ ಇಲ್ಲ.

ಆಗ ನಾನು ಜನರನ್ನು ಸರಿಸಿಕೊಂಡು ಮುಂದೆ ಬಂದೆ. "ಅಕ್ಕಯಮ್ಮ, ನನಗೆ ಬಾಯಿ ಕೊಡು. ಸಮುದ್ರದ ತಳಕ್ಕೆ ಹೋಗಿ ಇಂಥವುಗಳ ಜೊತೆ ಕೂತು ಎಲೆಯಡಿಕೆ ಹಾಕಿಕೊಂಡು ಬಂದವನು ನಾನು. ನೀನು ಮನೆಗೆ ಹೋಗಿ ಕೊಡ ಇಳಿಸುವುದರೊಳಗೆ ಇದು ಅದರ ಅಮ್ಮನ ಮಡಿಲಲ್ಲಿರುತ್ತೆ."

"ನಿಜವಾಗ್ಲೂ ಆಗುತ್ತಾ ಅಣ್ಣ?" ಎಂದಳು ಅಕ್ಕಯಮ್ಮ. "ಯೋಚನೆ ಮಾಡಿ ಹೇಳಿ. ಕೊಟ್ಟ ಮೇಲೆ ನನ್ ಕೈಲಿ ಏನೂ ಇರಲ್ಲ."

"ಆಗದಿದ್ದರೆ ನನ್ನ ಮೂಗು ಕೊಯ್ದು ನಿನ್ನ ಬುಟ್ಟಿಗೆ ಹಾಕು."

ಅವಳು ಲೋಟ ತುಂಬಿ ಕೊಟ್ಟಳು. ನಾನು ಕುಡಿದೆ.

ಮೊದಲನೆಯ ಹೋಲಿಕೆಯನ್ನು ಅಲ್ಲೇ ಹೇಳಿದೆ. ಕಟ್ಟೆ ಹತ್ತಿ, ಎದೆ ಮುಂದೆ ಮಾಡಿ, ಬಾವಿಯೊಳಕ್ಕೆ ಬಗ್ಗಿ ಉಸಿರೆಳೆದು, "ಕನಕಾಂಬರಕ್ಕೂ ಈ ಶಾರ್ಕಿಗೂ ಒಂದೇ ಪರಿಮಳ" ಎಂದೆ. ಊರಿನವರು ತಲೆದೂಗಿದರು. ಶಾರ್ಕು ತಲೆದೂಗಲಿಲ್ಲ. ಹಸಿರು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಾ ತೇಲುತ್ತಿತ್ತು. ವೆಂಕಪ್ಪಯ್ಯ ಒಂದು ಬೊಗಸೆ ನೀರು ಸೇದಿ ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, "ಜಾಸ್ತಿ ಆಯ್ತು" ಎಂದ.

ಎರಡನೆಯದು, ಎರಡಕ್ಕೂ ಹಲ್ಲಿದೆ ಎಂದದ್ದು. ಕಾಡಿನಲ್ಲಿ ಒಂದು ಕನಕಾಂಬರದ ಗಿಡ ನನ್ನ ಮೊಣಕಾಲು ಕಚ್ಚಿ ಎಳೆದಾಡಿದ ಪ್ರಸಂಗವನ್ನು ಗಾಯದ ಗುರುತು ಸಮೇತ ವರ್ಣಿಸಿದೆ. ಆ ಗಾಯ ಸೈಕಲ್ಲಿನದು. ನೀರಿನಲ್ಲಿ ಮಾವಿನಕಾಯಿ ಹಾಕಿದರೆ ಮಾರನೆಯ ದಿನ ಉಪ್ಪಿನಕಾಯಿ ತೆಗೆಯಬಹುದಾದಷ್ಟು ಉಪ್ಪಾಯಿತು. ಮೂರನೆಯದು, ಇದು ಸಮುದ್ರಕ್ಕೆ ರಾಜ, ಅದು ಮುಡಿಗೆ ರಾಣಿ, ಎರಡರ ಜಾತಕವನ್ನೂ ನಾನೇ ಬರೆದೆ ಎಂದದ್ದು. ಅವತ್ತು ಸಂಜೆ ಸ್ನಾನ ಮಾಡಿ ಬಂದವರ ಮೈಮೇಲೆಲ್ಲ ಬಿಳಿ ಪುಡಿ ಕೂತಿತ್ತು. ದೊಡ್ಡಸ್ವಾಮಪ್ಪನವರ ಮೀಸೆ ಗರಿಗರಿಯಾಗಿ ನಿಂತು, ನಕ್ಕರೆ ಮುರಿಯುವ ಹಾಗಿತ್ತು. ಜನ ಇದಕ್ಕೂ ಹೊಂದಿಕೊಂಡರು. ಮೀಸೆಯನ್ನು ಹೊಗಳಿದರು.

ಮೂರು ದಿನ ಕಳೆದ ಮೇಲೆ ಅಕ್ಕಯಮ್ಮ ಬುಟ್ಟಿ ಹಿಡಿದು ಅಂಗಡಿಗೆ ಬಂದಳು. ಬುಟ್ಟಿಯಲ್ಲಿ ಹೂವಿರಲಿಲ್ಲ. ಒಂದು ಕನಕಾಂಬರದ ಟೊಂಗೆ ಇತ್ತು. ಎಲೆಯ ಅಂಚೆಲ್ಲ ಕಂದಿ ಮುರುಟಿಕೊಂಡಿತ್ತು. ಮೇಲೆ ಹಿಡಿದ ಹಸಿರು ತೆನೆಯಲ್ಲಿ ಮಾತ್ರ ಎರಡೇ ಎರಡು ಹೂ ಅರಳಿದ್ದವು, ಏನೂ ಆಗಿಲ್ಲವೆಂಬಂತೆ, ಕೆಂಡದ ಬಣ್ಣದಲ್ಲಿ.

"ನೋಡಿ ಅಣ್ಣ" ಎಂದಳು. "ಕೆಳಗಡೆ ಸಾಯ್ತಾ ಐತೆ, ಮೇಲ್ಗಡೆ ಶೋಕಿ ಮಾಡ್ತಾ ಐತೆ."

"ಇವತ್ತು ಕಳಿಸಿಬಿಡ್ತೀನಿ ಅಕ್ಕಯಮ್ಮ. ನಾಕನೆಯ ಹೋಲಿಕೆ ಇದೆಯಲ್ಲ, ಅದು ದೇವತೆಗಳೂ ಕೇಳಿರದಂಥದ್ದು."

"ಬೇಡ" ಎಂದಳು. "ನೀವು ಒಂದೊಂದು ಸಲ ಬಾಯಿ ತೆಗೆದಾಗ್ಲೂ ನನ್ ಗಿಡದ ಬುಡಕ್ಕೆ ಒಂದೊಂದು ಹಿಡಿ ಉಪ್ಪು ಬೀಳ್ತಾ ಐತೆ. ಇನ್ನೊಂದು ಸಲ ಬಿದ್ರೆ ಬೇರು ಉಳಿಯಲ್ಲ. ಒಂದೋ ನಿಜ ಹೇಳಿ, ಇಲ್ಲಾ ಸುಮ್ನಿರಿ. ಸುಮ್ನಿದ್ರೂ ಸಾಯುತ್ತೆ, ಆದ್ರೆ ನಿಧಾನವಾಗಿ ಸಾಯುತ್ತೆ. ಅಷ್ಟರೊಳಗೆ ಇರೋ ಹೂವಾದ್ರೂ ಮಾರ್ಕೊಳ್ತೀನಿ."

ಅವಳ ದನಿ ಏರಲಿಲ್ಲ. ಏರಿದ್ದರೆ ನನ್ನ ಹತ್ತಿರ ಉತ್ತರವಿತ್ತು.

ಆ ಮಾತು ಊರಿಗೆ ಮುಟ್ಟಿ, ದೊಡ್ಡಸ್ವಾಮಪ್ಪ ನನ್ನನ್ನು ಬಾವಿಯ ಬಳಿಗೆ ಕರೆಸಿದರು. ನಡು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದ. "ಏನಯ್ಯಾ ಸಂಪಂಗಿ, ಸಮುದ್ರದ ತಳಕ್ಕೆ ಹೋಗಿ ಬಂದವನು ನೀನು. ಮೇಲಿಂದ ನೋಡಿ ನೋಡಿ ಸಾಕಾಯ್ತು. ಬಾವಿಗಿಳಿದು, ಅದರ ಕೆಳಗೆ ಹೋಗಿ, ಹೊಟ್ಟೆ ಕಡೆಯಿಂದ ನೋಡು. ಹೋಲಿಕೆ ಅಲ್ಲೇನಾದ್ರೂ ಇದ್ದೀತು."

"ಇಳೀತಿದ್ದೆ ಯಜಮಾನರೇ, ಆದರೆ ನನ್ನ ಭಾರಕ್ಕೆ ರಾಟೆ ತಡೀಬೇಕಲ್ಲ. ನೋಡಲಿಕ್ಕೆ ಹೀಗಿದ್ದೇನೆ, ಮೂಳೆಯೆಲ್ಲ ಉಕ್ಕು."

"ನಾವು ಹಿಡ್ಕೋತೀವಿ" ಎಂದ ವೆಂಕಪ್ಪಯ್ಯ, ಬಹಳ ಉತ್ಸಾಹದಿಂದ.

ದೊಡ್ಡ ಕುಕ್ಕೆಯೊಂದಕ್ಕೆ ಹಗ್ಗ ಕಟ್ಟಿ ನನ್ನನ್ನು ಕೂರಿಸಿ ಬಿಟ್ಟರು. ಶಾರ್ಕಿನ ಪಕ್ಕದಲ್ಲಿ ಹಾದು ಹೋಗುವಾಗ ಅದು ನನಗೆ ದಾರಿ ಬಿಟ್ಟಿತು. ಅದರ ಬೆನ್ನು ಕಪ್ಪಗೆ, ಒರಟಾಗಿ, ಕಾವಲಿಯ ತಳದ ಹಾಗಿತ್ತು. ನಾನು ಇನ್ನೂ ಕೆಳಗಿಳಿದು, ನೀರಿಗೆ ಕಾಲು ತಾಕುವಷ್ಟಾದ ಮೇಲೆ, ತಲೆ ಎತ್ತಿ ನೋಡಿದೆ.

ಏನೂ ಇರಲಿಲ್ಲ.

ಬಾವಿಯ ಬಾಯಿ ಬೆಳ್ಳಿಯ ತಟ್ಟೆಯ ಹಾಗೆ ಮೇಲೆ ಹೊಳೆಯುತ್ತಿತ್ತು. ಬೆಳಕು ನೇರವಾಗಿ ಸುರಿಯುತ್ತಿತ್ತು. ನಡುವೆ ಶಾರ್ಕಿರಲಿ, ಒಂದು ನೊಣದ ನೆರಳೂ ಇರಲಿಲ್ಲ. ನನಗಾದ ಸಂತೋಷವನ್ನು ಏನೆಂದು ಹೇಳಲಿ. ಹೋಗಿಬಿಟ್ಟಿದೆ. ನಾನು ಇಳಿದದ್ದಕ್ಕೇ ಹೆದರಿ ಹೋಗಿಬಿಟ್ಟಿದೆ. ಹಗ್ಗ ಜಗ್ಗಿದೆ. ಮೇಲೆ ಬರುವಾಗ ಕಣ್ಣು ಮುಚ್ಚಿಕೊಂಡು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಟ್ಟೆಯ ಮೇಲೆ ಕಾಲಿಟ್ಟವನೇ ತೊಡೆ ತಟ್ಟಿದೆ.

"ಕಳಿಸಿದೆ. ಬಾಲ ಹಿಡಿದು ತಲೆಯ ಸುತ್ತ ತಿರುಗಿಸಿ ಎಸೆದೆ. ಹೋಗುವಾಗ ಅತ್ತುಬಿಟ್ಟಿತು ಪಾಪ. ಕೈಯೆಲ್ಲ ಕನಕಾಂಬರದ ಪರಿಮಳ, ಬೇಕಾದರೆ ಮೂಸಿ ನೋಡಿ."

ಯಾರೂ ಮೂಸಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ದೊಡ್ಡಸ್ವಾಮಪ್ಪ ಬಾವಿಯ ಕಡೆಗೆ ಬೆರಳು ತೋರಿಸಿದರು. ತಿರುಗಿ ನೋಡಿದೆ. ಶಾರ್ಕು ಇದ್ದಲ್ಲೇ ಇತ್ತು, ಸುಟ್ಟ ಬದನೆಕಾಯಿಯ ಹಾಗೆ. ಹಸಿರು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿತ್ತು.

"ಇದರ ಅಣ್ಣನನ್ನು ಎಸೆದಿರಬೇಕು" ಎಂದರು ಅಶ್ವತ್ಥ ಮೇಷ್ಟ್ರು. ಊರು ನಕ್ಕಿತು. ಯಜಮಾನರ ಮೀಸೆಯ ತುದಿ ನಿಜವಾಗಿಯೂ ಮುರಿದು ಬಿತ್ತು.

ಅಕ್ಕಯಮ್ಮ ಮಾತ್ರ ನಗಲಿಲ್ಲ. "ಕೆಳಗಿಂದ ನೋಡಿದಾಗ ಏನ್ ಕಾಣಿಸ್ತು?" ಎಂದು ಕೇಳಿದಳು.

"ಅದೇ, ಬಾಲ..."

"ಏನ್ ಕಾಣಿಸ್ತು ಅಂತ ಕೇಳ್ದೆ."

ನಾನು ಸುಮ್ಮನಾದೆ. ನಾನು ಸುಮ್ಮನಾದದ್ದನ್ನು ನಮ್ಮೂರು ಅದೇ ಮೊದಲ ಸಲ ನೋಡಿದ್ದು. "ಇನ್ನೊಂದು ಸಲ ಇಳಿಸಿ" ಎಂದೆ.

ಮತ್ತೆ ಇಳಿಸಿದರು. ಮತ್ತೆ ತಲೆ ಎತ್ತಿದೆ. ಮತ್ತೆ ಏನೂ ಇಲ್ಲ, ಬರೀ ಬೆಳಕು. ಮೇಲೆ ಊರಿಡೀ ಕಂಡದ್ದು ಕೆಳಗೆ ನನಗೊಬ್ಬನಿಗೇ ಕಾಣುತ್ತಿಲ್ಲ. ಮೂಗಿನ ಹಾಗೆ ಕಣ್ಣೂ ಹೋಯಿತೇನೋ ಎಂದು ಬೆವರಿದೆ. ಆಗ ಅಕ್ಕಯಮ್ಮ, ನಾನು ಏನು ಮಾಡುತ್ತಿದ್ದೇನೆಂದು ನೋಡಲು, ಕಟ್ಟೆಯ ಮೇಲೆ ಬಗ್ಗಿದಳು. ಅವಳ ತಲೆ, ಹೆಗಲು, ಹರಡಿದ ಸೆರಗು ಎಲ್ಲ ಸೇರಿ ಬಾವಿಯ ಬಾಯಿಯನ್ನು ಅರ್ಧ ಮುಚ್ಚಿತು. ಬೆಳಕು ಕುಂದಿತು. ಆ ನೆರಳಿನಲ್ಲಿ, ನನ್ನ ತಲೆಯಿಂದ ಎರಡಾಳಿನಷ್ಟು ಮೇಲೆ, ಸಣ್ಣ ಸಣ್ಣ ನೀಲಿ ಚುಕ್ಕೆಗಳು ಹೊತ್ತಿಕೊಂಡದ್ದು ಕಾಣಿಸಿತು. ನೂರಾರು. ಮೀನಿನ ಆಕಾರದಲ್ಲಿ. ಶಾರ್ಕಿನ ಹೊಟ್ಟೆಯೆಲ್ಲ ದೀಪ.

ಅವಳು ಸ್ವಲ್ಪ ಹಿಂದೆ ಸರಿದಳು. ಬೆಳಕು ಬಂತು, ಮೀನು ಮಾಯವಾಯಿತು. ಮತ್ತೆ ಬಗ್ಗಿದಳು, ಕಾಣಿಸಿತು. ಮೇಲಿಂದ ಎಷ್ಟು ಬೆಳಕು ಬೀಳುತ್ತಿತ್ತೋ ಅಷ್ಟೇ ಬೆಳಕನ್ನು ಅದು ಹೊಟ್ಟೆಯಲ್ಲಿ ಹೊತ್ತಿಸಿಕೊಳ್ಳುತ್ತಿತ್ತು, ಕೆಳಗಿದ್ದವನಿಗೆ ತನ್ನ ನೆರಳು ಬೀಳದಿರಲಿ ಎಂದು. ದೀಪ ಹಚ್ಚುವುದು ಕಾಣಿಸಿಕೊಳ್ಳಲಿಕ್ಕೆ ಎಂದುಕೊಂಡಿದ್ದೆ. ಇದು ಬಚ್ಚಿಟ್ಟುಕೊಳ್ಳಲು ಹಚ್ಚಿಕೊಂಡಿತ್ತು.

ಕುಕ್ಕೆಯಲ್ಲಿ ಕೂತಿದ್ದವನಿಗೆ ಯಾಕೋ ಅಳು ಬಂದ ಹಾಗಾಯಿತು. ಉಪ್ಪು ಗಾಳಿಗಿರಬೇಕು.

ಅದಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದೆ. "ಕನಕಾಂಬರಕ್ಕೆ ವಾಸನೆ ಇಲ್ಲ. ಆ ಬಣ್ಣ ಕಂಡವರು ವಾಸನೆ ಇಲ್ಲವಲ್ಲ ಅಂತ ಕೇಳೋದನ್ನೇ ಮರೀತಾರೆ. ನಿನಗೆ ನೆರಳಿದೆ. ಈ ದೀಪದಲ್ಲಿ ಯಾರಿಗೂ ಅದು ಕಾಣಲ್ಲ. ಅದೂ ಹೊಳೆಯೋದು ಮುಚ್ಚಿಡಲಿಕ್ಕೆ, ನೀನೂ ಹೊಳೆಯೋದು ಮುಚ್ಚಿಡಲಿಕ್ಕೆ."

ಶಾರ್ಕು ಬಾಲ ಅಲ್ಲಾಡಿಸಿ ಒಂದು ಗೇಣು ಕೆಳಗಿಳಿಯಿತು. ನಾನು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಬಾಯಿ ಕೇಳಬೇಕಲ್ಲ. "ಇದನ್ನು ಕಂಡುಹಿಡಿಯೋ ಬುದ್ಧಿ ಮೂರು ಲೋಕದಲ್ಲಿ ನನಗೊಬ್ಬನಿಗೇ ಇರೋದು" ಎಂದು ಸೇರಿಸಿದೆ. ಶಾರ್ಕು ನಿಂತುಬಿಟ್ಟಿತು. ಕಾಲಿಗೆ ತಾಕುತ್ತಿದ್ದ ನೀರು ಉಪ್ಪೇರಿ ಚುರುಗುಟ್ಟಿತು.

"ಬಾಲ ಅಂಟಿಸಬೇಡಿ" ಎಂದಳು ಅಕ್ಕಯಮ್ಮ ಮೇಲಿಂದ.

ಆಗ ಗೊತ್ತಾಯಿತು. ಬಾವಿಯೊಳಗೆ ಮೆಲ್ಲಗೆ ಆಡಿದ ಮಾತು ಮೇಲಕ್ಕೆ ಹೋಗುವಾಗ ಊರಿಗೆಲ್ಲ ಡಂಗುರವಾಗುತ್ತದೆ. ನಾನು ಹೇಳಿದ ಒಂದೊಂದು ಅಕ್ಷರವೂ ಕಟ್ಟೆಯ ಸುತ್ತ ನಿಂತವರಿಗೆ ಕೇಳಿತ್ತು. ಕನಕಾಂಬರಕ್ಕೆ ವಾಸನೆಯಿಲ್ಲ ಎಂದು ಹೇಳಿದ್ದೂ ಕೇಳಿತ್ತು. ಯಜಮಾನನ ಹೆಂಡತಿ ಮುಡಿಯಿಂದ ದಂಡೆ ತೆಗೆದು ಮೂಸಿ, "ನಾನು ಅವತ್ತೇ ಅಂದಿದ್ದೆ" ಎಂದದ್ದು ನನಗೂ ಕೇಳಿಸಿತು.

"ಇಲ್ಲ ಅಂತ ಗೊತ್ತಿದ್ದೋರು ಇಷ್ಟು ದಿನ ಪರಿಮಳ ಅಂತ ಯಾಕಂದ್ರಿ?" ಎಂದು ಕೇಳಿದಳು ಅಕ್ಕಯಮ್ಮ. ಬೆಳಕಿಗೆ ಬೆನ್ನು ಮಾಡಿದ್ದರಿಂದ ಅವಳ ಮುಖ ಕಾಣುತ್ತಿರಲಿಲ್ಲ.

ಹತ್ತು ಉತ್ತರಗಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು, ಒಂದಕ್ಕಿಂತ ಒಂದು ಸೊಗಸು. ಶಾರ್ಕು ನೋಡುತ್ತಿತ್ತು. ಅವಳ ಗಿಡದ ಬುಡದಲ್ಲಿ ಇನ್ನೊಂದು ಹಿಡಿ ಉಪ್ಪಿಗೆ ಜಾಗವಿರಲಿಲ್ಲ.

"ಮೊದಲು ಗೊತ್ತಿರಲಿಲ್ಲ" ಎಂದೆ. "ಚಿಕ್ಕವನಿದ್ದಾಗ ಜ್ವರ ಬಂದು ಮೂಗು ಸತ್ತುಹೋಯಿತು. ಮಲ್ಲಿಗೆಯೂ ಒಂದೇ, ಮೆಂತ್ಯವೂ ಒಂದೇ. ಊದುಬತ್ತಿಯನ್ನು ಪೊಟ್ಟಣದ ಬಣ್ಣ ನೋಡಿ ಹೇಳ್ತೀನಿ. ತುಪ್ಪವನ್ನು ತಂದವರ ಮುಖ ನೋಡಿ ಹೇಳ್ತೀನಿ. ಹೂವು ಅಂದಮೇಲೆ ಎಲ್ಲಕ್ಕೂ ಪರಿಮಳ ಇರುತ್ತೆ ಅಂದ್ಕೊಂಡು ನಿನ್ನ ಬುಟ್ಟಿ ಮುಂದೆ ಹಾಗಂದೆ. ಆಮೇಲೆ ಕನಕಾಂಬರಕ್ಕಿಲ್ಲ ಅಂತ ತಿಳೀತು. ಅಷ್ಟರಲ್ಲಿ ಊರೆಲ್ಲ ಮೂಸ್ತಾ ಇತ್ತು."

ಮೇಲೆ ಯಾರೋ, "ಹಂಗಾದ್ರೆ ಮದುವೆ ತುಪ್ಪ?" ಎಂದರು.

"ನಾರ್ತಿತ್ತು ಕಣ್ರೀ" ಎಂದ ವೆಂಕಪ್ಪಯ್ಯ, ಬಹಳ ದಿನದಿಂದ ಹೊತ್ತುಕೊಂಡಿದ್ದನ್ನು ಇಳಿಸಿದವನ ಹಾಗೆ. "ನಾನೇ ಬಡಿಸಿದ್ದಲ್ವಾ."

ಶಾರ್ಕು ನನ್ನ ಪಕ್ಕದಲ್ಲೇ, ಕುಕ್ಕೆಗೆ ಮೈ ತಾಕಿಸದೆ, ನಿಧಾನವಾಗಿ ಇಳಿಯಿತು. ನೀರಿನೊಳಗೆ ಹೋದ ಮೇಲೆ ಒಂದು ಕ್ಷಣ ಅದರ ಹೊಟ್ಟೆಯ ನೀಲಿ ಗೋಡೆಯ ಕಲ್ಲುಗಳ ಮೇಲೆ ಹೊಳೆದು, ಆರಿತು. ಬೆರಳದ್ದಿ ನಾಲಿಗೆಗಿಟ್ಟುಕೊಂಡೆ. ಸಿಹಿ.

ನನ್ನನ್ನು ಮೇಲಕ್ಕೆಳೆದುಕೊಳ್ಳುವ ಮೊದಲು ಊರಿನವರು ಸ್ವಲ್ಪ ಹೊತ್ತು ಚರ್ಚೆ ಮಾಡಿದರು, ಎಳೆಯಬೇಕೋ ಬೇಡವೋ ಎಂದು. ಕಡೆಗೆ ಎಳೆದರು. ಮೇಷ್ಟ್ರು ಪುಸ್ತಕದ ಹರಿದ ಹಾಳೆಯ ಜಾಗದಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ಯಜಮಾನರು ಮುರಿದ ಮೀಸೆ ಹಿಡಿದುಕೊಂಡು ನನ್ನನ್ನು ದುರುಗುಟ್ಟಿ ನೋಡಿ ಹೊರಟುಹೋದರು. ಹೆಂಗಸರು ಕೊಡ ಇಳಿಸಿದರು. ನಾನು ಇಲ್ಲವೇ ಇಲ್ಲ ಎನ್ನುವ ಹಾಗೆ ಎಲ್ಲರೂ ನನ್ನ ಅಕ್ಕಪಕ್ಕದಲ್ಲಿ ಹಾದುಹೋದರು. ಅಂಗಡಿ ಮುಚ್ಚಿ ಎಲ್ಲಿಗೆ ಹೋಗುವುದೆಂದು ಯೋಚಿಸುತ್ತಾ ಕಟ್ಟೆಯ ಮೇಲೆ ಕೂತಿದ್ದೆ.

ಅಕ್ಕಯಮ್ಮ ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಂದು ಎದುರಿಗೆ ನಿಂತಳು.

"ಕನಕಾಂಬರಕ್ಕೆ ವಾಸನೆ ಇಲ್ಲ ಅಂತ ನಂಗೆ ಹುಟ್ಟಿದಾಗಿಂದ ಗೊತ್ತು" ಎಂದಳು. "ನೀವು ಐತೆ ಅಂದ್ರಿ, ಹೂವು ಹೋಯ್ತು, ನಾನೂ ಸುಮ್ನಿದ್ದೆ. ಹಂಗಾಗಿ ನಿಮ್ಮನ್ನ ಬೈಯೋಕೆ ನಂಗೆ ಬಾಯಿಲ್ಲ. ನಾಳೆಯಿಂದ ಮಲ್ಲಿಗೆ ಕೊಂಡು ತಂದು ಸೇರಿಸಿ ಕಟ್ತೀನಿ. ಮೊದಲೆಲ್ಲ ಹಂಗೇ ಅಲ್ವಾ ಕಟ್ತಿದ್ದಿದ್ದು, ಬಣ್ಣ ಇದರದ್ದು, ವಾಸನೆ ಅದರದ್ದು."

ನಾನು ತಲೆಯಾಡಿಸಿದೆ.

"ಅಂಗಡಿ ಮುಚ್ಚಬೇಡಿ. ತುಪ್ಪ ಯಾರಾದ್ರೂ ತಂದ್ರೆ ನಂಗೊಂದು ಕೂಗು ಹಾಕಿ, ಎದುರಿಗೇ ಇರ್ತೀನಲ್ಲ, ಮೂಸಿ ಹೇಳ್ತೀನಿ."

ಅವಳು ಇಷ್ಟು ಮಾತಾಡಿದರೂ ಒಂದು ಸಲವೂ ಅಣ್ಣ ಎನ್ನಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಎದೆಯೊಳಗೆ ಆದದ್ದನ್ನು ವರ್ಣಿಸುವುದಿಲ್ಲ, ವರ್ಣಿಸಲು ಹೋದರೆ ದೊಡ್ಡದಾಗಿಬಿಡುತ್ತದೆ. ಹತ್ತಿರ ಸರಿದು ಏನೋ ಹೇಳಲು ಬಾಯಿ ತೆರೆದೆ. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡಳು.

"ಮೊದಲು ಆ ಶರಟು ಒಗ್ಕೊಳ್ಳಿ" ಎಂದಳು. "ಎಷ್ಟು ವರ್ಷದಿಂದ ಊರಲ್ಲಿ ಯಾರಿಗೂ ಹೇಳೋ ಧೈರ್ಯ ಇರಲಿಲ್ಲ."